ನದಿಯ ಈಚೆ ದಡದ ಪತಂಗ

ಅಪ್ಪನ ಸಮವಸ್ತ್ರದ ಜೇಬಿಗೆ ಚೀಟಿಗಳನ್ನೆಲ್ಲ ತುರುಕಿ ಅವಳು ಗುಂಡಿ ಹಾಕುತ್ತಿದ್ದಳು. ಗುಂಡಿ ಕೂರಲಿಲ್ಲ. ಹೆಣದ ತಲೆದೆಸೆಯಲ್ಲಿದ್ದ ಅತ್ತೆ ಅದೇನೆಂದು ಕೇಳಿದಳು.

“ಅಪ್ಪನ ಕೈಬರಹ ಅತ್ತೆ. ಅಪ್ಪನ ಜೊತೇಲೇ ಹೋಗ್ಲಿ.”

ಬೆಳಿಗ್ಗೆ, ಪತಂಗಗಳ ಮೇಲೆ ಪುಸ್ತಕ ಬರೆಯುವ ಪ್ರೊಫೆಸರು ಫೋನು ಮಾಡಿದ್ದರು. ಅಯ್ಯೋ ಪಾಪ ಎಂದದ್ದು ಒಂದು ಸಲ, ಪತಂಗದ ಪೆಟ್ಟಿಗೆಗಳು ಹುಷಾರಾಗಿವೆಯಾ ಎಂದು ಕೇಳಿದ್ದು ಮೂರು ಸಲ. ಫೋನು ಇಟ್ಟಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಚಿಮಟ ಹಿಡಿದು ನೇರ ಅಪ್ಪನ ಕಪಾಟಿಗೆ ಹೋಗಿದ್ದಳು.

ಹೊರಗೆ ಅಪ್ಪ ಕೆಲಸ ಮಾಡುತ್ತಿದ್ದ ಪಂಪ್‌ಹೌಸಿನವರು ಕಾಯುತ್ತಿದ್ದರು. ಅಪ್ಪನಿಗೆ ಅವರಿಟ್ಟಿದ್ದ ಹೆಸರು ಹುಳದಪ್ಪ. ಹುಳದಪ್ಪ ತನ್ನ ಮದುವೆ ದಿನವೂ ಪಂಪ್‌ಹೌಸಿನ ದೀಪದ ಗೋಡೆ ನೋಡಿಕೊಂಡೇ ಮಂಟಪಕ್ಕೆ ಹೋದನೆಂದು ಫಿಟ್ಟರು ಹೇಳಿದ, ಅಳುತ್ತಿದ್ದವರೂ ನಕ್ಕರು.

*

ಆ ಗೋಡೆದೀಪದ ಕೆಳಗೆ ದಿನಾ ಬೆಳಿಗ್ಗೆ, ಕಸ ಗುಡಿಸುವ ಮುನ್ನ, ರಾತ್ರಿ ಬಂದು ಬಿದ್ದ ಪತಂಗಗಳನ್ನು ಆಯಲು ಅಪ್ಪ ಮಂಡಿಯೂರುತ್ತಿದ್ದ. ಒಂದು ದಿನ ಬೂದುಬಣ್ಣದ ಪತಂಗ ಸಿಕ್ಕಿತು, ರೆಕ್ಕೆಯಂಚಿಗೆ ತಾಮ್ರದ ಗೆರೆ. ಪ್ರೊಫೆಸರು ಪುಸ್ತಕದ ನಕ್ಷೆ ತೋರಿಸಿದರು. ಅದು ಬದುಕುವ ಸೀಮೆಗೆ ಬಳಿದ ಹಸಿರು ಬಣ್ಣ ನದಿಯ ಆಚೆ ದಡಕ್ಕೇ ನಿಂತಿತ್ತು. ಇದು ಯಾವುದೋ ಲಾರಿ ಹತ್ತಿ ಬಂದಿರಬೇಕೆಂದು ನಕ್ಕು, ಹೋಗುವಾಗ ಹೇಳಿದರು:

“ಎಲ್ಲಿ, ಯಾವತ್ತು, ಯಾರಿಗೆ ಸಿಕ್ತು ಅಂತ ಸೂಜಿಗೆ ಚೀಟಿ ಚುಚ್ಚಿರ್ಬೇಕು ಕಣಯ್ಯ. ಚೀಟಿ ಇಲ್ದಿದ್ರೆ ಅದು ಬರೀ ಕಸ.”

ಹನ್ನೊಂದು ವರ್ಷ ಅಪ್ಪ ಚೀಟಿ ಬರೆದ. ಶಾಲೆ ಬಿಟ್ಟು ಮನೆಯಲ್ಲಿದ್ದ ಅವಳು ಕಾಗದ ಕತ್ತರಿಸಿಕೊಟ್ಟಳು. ಅದೇ ಜಾತಿಯ ಅರವತ್ತಮೂರು ಪತಂಗಗಳಾದವು. ಪ್ರೊಫೆಸರು ಬಂದು ಎಲ್ಲವನ್ನೂ ಬರೆದುಕೊಂಡು ಹೋದರು. ಅವರ ಹೊಸ ಪುಸ್ತಕದಲ್ಲಿ ಹಸಿರು ಬಣ್ಣ ನದಿ ದಾಟಿತ್ತು. ಕಂಡುಹಿಡಿದವರೆಂದು ಅವರ ಹೆಸರೊಂದೇ ಇತ್ತು.

ಅಪ್ಪ ನಕ್ಷೆಯನ್ನು ಬೆರಳಿನಿಂದ ಸವರಿದ. “ನದಿ ದಾಟಿಸಿದ್ವಲ್ಲ, ಬಿಡು.”

ಅವಳು ಬಿಟ್ಟಿರಲಿಲ್ಲ.

*

ಪ್ರೊಫೆಸರು ಬಂದು ಹೆಣದ ಮೇಲೆ ಹೂವಿಟ್ಟರು. ಇವನು ನನ್ನ ಬಲಗೈಯಂತಿದ್ದ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಅವಳ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು. ನಕ್ಷೆಯ ಬಗ್ಗೆ ಯಾರೋ ತಕರಾರು ತೆಗೆದಿದ್ದಾರೆ, ನಾಳೆಯೇ ಪತಂಗಗಳನ್ನು ತೋರಿಸಬೇಕು ಎಂದರು.

ಅವಳು ಪೆಟ್ಟಿಗೆಗಳನ್ನು ತಂದುಕೊಟ್ಟಳು. ಅವರು ಮುಚ್ಚಳ ತೆಗೆದರು. ಸಾಲುಸಾಲು ಪತಂಗ, ಸಾಲುಸಾಲು ಬೋಳು ಸೂಜಿ.

“ಚೀಟಿಗಳೆಲ್ಲಮ್ಮ?”

“ಬರೀ ಕಸ ಸಾರ್. ತಗೊಂಡು ಹೋಗಿ.”

ಅವರ ಕಣ್ಣು ಅವಳ ಮುಖದಿಂದ ಹೆಣದ ಮೇಲೆ ಇಳಿಯಿತು. ಗುಂಡಿ ಹಾಕದ ಜೇಬಿನಿಂದ ಒಂದು ಚೀಟಿಯ ಮೂಲೆ ಇಣುಕುತ್ತಿತ್ತು. ಪ್ರೊಫೆಸರು ಬಾಗಿ ಕೈ ಚಾಚಿದರು. ಕಡೆಯ ಸಲ ಮುಟ್ಟಲು ಬಂದರೆಂದುಕೊಂಡು ಫಿಟ್ಟರು ಮರ್ಯಾದೆಯಿಂದ ಹಿಂದೆ ಸರಿದು ಜಾಗ ಬಿಟ್ಟ.

ಅಷ್ಟರಲ್ಲಿ ಅವಳ ಅಂಗೈ ಆ ಜೇಬಿನ ಮೇಲೆ ಕೂತಿತ್ತು.