ಅರ್ಧಕ್ಕೆ ನಿಂತ ಷಟರ್

ಒಂದು ಕಬ್ಬಿಣದ ಷಟರ್‌ಗೆ ಒಳಗಿನಿಂದ ಏನು ಅಂಟಿಸಬೇಕು ಅಂತ ತೀರ್ಮಾನ ಮಾಡಲು ಮನುಷ್ಯನಿಗೆ ಎಷ್ಟು ದಿನ ಬೇಕು? ನಾಗಭೂಷಣನಿಗೆ ಹತ್ತೊಂಬತ್ತು ದಿನವಾದರೂ ಸಾಲಲಿಲ್ಲ. ಅವನ ಹೆಂಡತಿ ಸರ್ವಮಂಗಳಾ ಒಂದೊಂದು ದಿನವನ್ನೂ ಹಲ್ಲು ಕಚ್ಚಿಕೊಂಡು ಎಣಿಸಿದ್ದಳು.

ಷಟರ್ ಇದ್ದದ್ದು ಚಾಮರಾಜಪೇಟೆಯ ಅವರ ಮನೆಯ ಕಾರ್ ಶೆಡ್ಡಿಗೆ. ಕಾರು ಮಾರಿ ಮೂರು ವರ್ಷವಾಗಿತ್ತು. ಈಗ ಅಲ್ಲಿ ಕೂರುತ್ತಿದ್ದವರು ಅವಳ ಮಾವ ಶಿವರುದ್ರಪ್ಪನವರು. ಮಾಮೂಲ್‌ಪೇಟೆಯಲ್ಲಿ ಐವತ್ತೆರಡು ವರ್ಷ ಹಗ್ಗ, ಗೋಣಿತಾಟು, ಟಾರ್ಪಾಲಿನ್ ಮಾರಿದವರು. ಮೊಣಕಾಲು ಕೈಕೊಟ್ಟ ಮೇಲೆ ಅವರು ಅಂಗಡಿ ಬಿಟ್ಟರು, ಅಂಗಡಿ ಅವರನ್ನು ಬಿಡಲಿಲ್ಲ. ಹಳೇ ಗಾದಿಯನ್ನು ತರಿಸಿ ಶೆಡ್ಡಿನಲ್ಲಿ ಹಾಕಿಸಿಕೊಂಡರು, ಗೋಡೆಗೆ ಎರಡು ಸುತ್ತು ಹಗ್ಗ ನೇತುಹಾಕಿದರು. ಬೆಳಿಗ್ಗೆ ಹತ್ತಕ್ಕೆ ಹಣೆತುಂಬ ವಿಭೂತಿ ಹಚ್ಚಿಕೊಂಡು ಕೂತರೆ ಏಳುವುದು ಸಂಜೆ ಆರಕ್ಕೆ. ವ್ಯಾಪಾರ ಏನೂ ಇರಲಿಲ್ಲ. ತನಗೆ ಬೀದಿ ಕಾಣಬೇಕು, ಬೀದಿಗೆ ತಾನು ಕಾಣಬೇಕು, ಅಷ್ಟೇ ಆಸೆ.

ಶೆಡ್ಡಿನ ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಎರಡಾದರೆ ಬಿಸಿಲು ನೇರವಾಗಿ ಗಾದಿಯ ಮೇಲೆ. ಷಟರ್ ಎಳೆದರೆ ಅದೇ ಕಾದ ಹೆಂಚು. ಯುಗಾದಿ ಕಳೆದ ವಾರಕ್ಕೆ ಮಾವ ಕೂತಲ್ಲೇ ತಲೆಸುತ್ತಿ ಬಿದ್ದರು, ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಬಂದರು. ನೋಡಲು ಬಂದ ನಾದಿನಿ ಸುಪ್ರಜಾ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿಬಿಟ್ಟಳು.

"ಬಸವ ಜಯಂತಿ ಒಳಗೆ ಆ ಶೆಡ್ಡು ತಂಪಾಗ್ಲಿಲ್ಲ ಅಂದ್ರೆ ಅಪ್ಪನ್ನ ನಮ್ಮನೆಗೆ ಕರ್ಕೊಂಡ್ ಹೋಗ್ತೀನಿ ಅತ್ತಿಗೆ. ಏಸಿ ಇದೆ, ಲಿಫ್ಟ್ ಇದೆ."

ಅವಳ ಮನೆ ವೈಟ್‌ಫೀಲ್ಡಿನಲ್ಲಿ, ಹನ್ನೊಂದನೇ ಮಹಡಿ. ಮಾವ ಅವತ್ತು ರಾತ್ರಿ ರೊಟ್ಟಿ ಮುಟ್ಟಲಿಲ್ಲ. "ಹನ್ನೊಂದನೇ ಮಹಡಿ ಮುಂದೆ ಯಾರು ಓಡಾಡ್ತಾರಮ್ಮ ಮಂಗಳಾ?" ಅಂತಷ್ಟೇ ಕೇಳಿದರು. ಸರ್ವಮಂಗಳಾ ಹಿಂದೆಮುಂದೆ ನೋಡದೆ, "ನಾನಿದೀನಿ ಮಾವ, ನೀವು ಎಲ್ಲಿಗೂ ಹೋಗ್ಬೇಕಾಗಿಲ್ಲ" ಅಂದುಬಿಟ್ಟಳು.

ಅಂದಿದ್ದು ಸುಲಭ. ನಾಗಭೂಷಣ ಬ್ಯಾಂಕಿನಲ್ಲಿ ಮೂವತ್ತು ವರ್ಷ ಬೇರೆಯವರ ಅರ್ಜಿಗಳನ್ನು ಮಗುಚಿ ಹಾಕಿ ನೋಡಿದ ಆಸಾಮಿ. ಷಟರನ್ನೂ ಹಾಗೇ ನೋಡಲು ಶುರುಮಾಡಿದ. ಮೊದಲು ಥರ್ಮಾಕೋಲ್ ಅಂದ. ಆಮೇಲೆ ಅದಕ್ಕೆ ಬೆಂಕಿ ಬೇಗ ಹತ್ತುತ್ತೆ ಅಂದ. ಬೆಳ್ಳಿ ಬಣ್ಣದ ಗುಳ್ಳೆ ಶೀಟು ಅಂದ, ಅದರ ಹಿಂದೆ ಗಾಳಿ ಆಡಲು ಜಾಗ ಬಿಡಬೇಕಂತೆ, ಬೇಡ ಅಂದ. ಬಿಸಿಲು ತಿರುಗಿಸುವ ಬಿಳೀ ಪೇಂಟ್ ಅಂದ, ಧೂಳು ಕೂತರೆ ಕೆಲಸಕ್ಕೆ ಬರಲ್ಲ ಅಂದ. ಫೋನಿನಲ್ಲಿ ಯಾವುದೋ ದೇಶದವನು ಗ್ಯಾರೇಜ್ ಬಾಗಿಲಿಗೆ ಫೋಮ್ ಹಲಗೆ ಅಂಟಿಸುವುದನ್ನು ದಿನಕ್ಕೆ ಮೂರು ಸಲ ನೋಡಿದ. ಸರ್ವಮಂಗಳಾ ಅವನ ಹಿಂದೆ ಕಾಟನ್‌ಪೇಟೆ, ಕಲಾಸಿಪಾಳ್ಯ ಎಲ್ಲ ಸುತ್ತಿ ಬೆವರು ಸುರಿಸಿದಳು. ಒಬ್ಬೊಬ್ಬ ಅಂಗಡಿಯವನದು ಒಂದೊಂದು ರಾಗ. ಒಬ್ಬನಂತೂ, "ಮೇಡಂ, ಕೋಲ್ಡ್ ಸ್ಟೋರೇಜಾ?" ಅಂದ. ಮಾವನವರನ್ನು ಕೂರಿಸುವುದಕ್ಕೆ ಅಂದರೆ ನಕ್ಕ.

"ರೀ, ಬಸವ ಜಯಂತಿಗೆ ಇನ್ನು ಮೂರೇ ದಿನ. ನೀವು ಪಿಎಚ್‌ಡಿ ಮಾಡ್ತಿದೀರೋ, ಶೀಟ್ ತಗೊಳ್ತಿದೀರೋ?" ಅಂತ ಕೊನೆಗೆ ಅವಳೇ ಕೂಗಾಡಿ, ಷಟರ್ ಕೆಲಸದ ಮನೋಹರ್‌ಗೆ ಫೋನ್ ಮಾಡಿದಳು. ಅವನು ಬೆರಳು ದಪ್ಪದ ಫೋಮ್ ಶೀಟು ತಂದು, ಅಡ್ಡಪಟ್ಟಿ ಕೊಯ್ದು ಅಂಟಿಸಿದ. ಒಳಗಿನಿಂದ ನೋಡಲು ಚೆನ್ನಾಗೇ ಇತ್ತು. "ಅಂಟು ಒಣಗ್ಲಿ, ಮೂರೂವರೆ ತನಕ ಎತ್ಬೇಡಿ. ಆಮೇಲೆ ಬೆಣ್ಣೆ ಥರ ಸುತ್ಕೊಳತ್ತೆ, ಗ್ಯಾರಂಟಿ" ಅಂತ ಹೇಳಿ ಹೋದ.

ಇವರು ಏನೇ ಬಂದು ಹೇಳಿದರೂ ಮಾವ "ನಿಮ್ಮಿಷ್ಟ" ಅನ್ನುತ್ತಿದ್ದರು. ಅವತ್ತೂ ಹಾಗೇ ಅಂದು, ಮನೆಯೊಳಗಿನ ಬಾಗಿಲಿಂದ ಶೆಡ್ಡಿಗೆ ಬಂದು, ಮುಚ್ಚಿದ ಷಟರಿಗೆ ಮುಖ ಮಾಡಿ ಕೂತರು. ಸೆಖೆ ಏನೋ ಕಡಿಮೆಯಾಗಿತ್ತು. ಅವರು ಮಾತ್ರ ಬೀದಿ ಇದ್ದ ಕಡೆಗೇ ನೋಡುತ್ತಿದ್ದರು. ಸರ್ವಮಂಗಳಾಗೆ ಅದು ಕಂಡಿತು, ಆದರೆ ಕಂಡದ್ದನ್ನು ಯೋಚಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

ಮೂರೂವರೆಗೆ ಗಂಡ ಹೆಂಡತಿ ಸೇರಿ ಷಟರ್ ಎತ್ತಿದರು. ಸೊಂಟದ ತನಕ ಬಂತು. ಅಲ್ಲಿಗೆ ಕಟಕ್ ಅಂತು. ಫೋಮ್ ಸೇರಿ ಸುರುಳಿ ದಪ್ಪವಾಗಿ ಮೇಲಿನ ಡಬ್ಬದಲ್ಲಿ ಕಚ್ಚಿಕೊಂಡಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ನಾಗಭೂಷಣ ಮತ್ತೆ ವಿಡಿಯೋ ಹಾಕಿ ನೋಡಿದ. ಅಲ್ಲಿನ ಬಾಗಿಲು ಸುತ್ತಿಕೊಳ್ಳುವುದೇ ಇಲ್ಲ, ಹಲಗೆ ಹಲಗೆಯಾಗಿ ಸೂರಿನ ಕೆಳಗೆ ಹೋಗಿ ಮಲಗುತ್ತದೆ! ಹತ್ತೊಂಬತ್ತು ದಿನ, ದಿನಕ್ಕೆ ಮೂರು ಸಲ ನೋಡಿದ ಮಹಾನುಭಾವನಿಗೆ ಇದು ಕಂಡಿರಲಿಲ್ಲ. ಸರ್ವಮಂಗಳಾಗೆ ಅಳು ಬಂತು, ಅದಕ್ಕಿಂತ ಮುಂಚೆ ಸಿಟ್ಟು ಬಂತು. ಮನೋಹರ್ ಫೋನು ಸ್ವಿಚ್ ಆಫ್. ಇಬ್ಬರೂ ಒಳಗೆ ಹೋಗಿ ಅಡುಗೆಮನೆಯಲ್ಲಿ ಜಗಳಕ್ಕೆ ನಿಂತರು.

ಪೇಟೆಯಲ್ಲಿ ಅಂಗಡಿಯವನು ತೀರಿಕೊಂಡರೆ ಷಟರನ್ನು ಪೂರ್ತಿ ಎಳೆಯುವುದಿಲ್ಲ, ಅರ್ಧಕ್ಕೆ ಇಳಿಸಿ ಬಿಡುತ್ತಾರೆ. ಬೀದಿಗೆ ಅದೇ ಸುದ್ದಿ. ಇದು ನಾಗಭೂಷಣನಿಗೆ ಗೊತ್ತಿತ್ತು, ಸರ್ವಮಂಗಳಾಗೂ ಗೊತ್ತಿತ್ತು. ಆದರೆ ಅವರ ಪಾಲಿಗೆ ಅದು ಕಾರ್ ಶೆಡ್ಡು, ಅಂಗಡಿಯಲ್ಲ.

ಮಾಮೂಲ್‌ಪೇಟೆಯಲ್ಲಿ ಪಕ್ಕದ ಅಂಗಡಿಯವರಾಗಿದ್ದ ಆಂಜಿನಯ್ಯ ದಿನಾ ನಾಲ್ಕಕ್ಕೆ ಟೀ ಕುಡಿಯಲು ಬರುತ್ತಿದ್ದರು. ಅವತ್ತು ಬೀದಿ ತಿರುವಿನಲ್ಲೇ ಷಟರ್ ನೋಡಿದರು, ಸ್ಕೂಟರ್ ತಿರುಗಿಸಿದರು. ಅರ್ಧ ಗಂಟೆಯಲ್ಲಿ ಪೇಟೆಯ ಮೂವರು ಹಿರಿಯರು ಮತ್ತು ಒಂದು ದಪ್ಪ ಸೇವಂತಿಗೆ ಹಾರದ ಜೊತೆ ವಾಪಸ್ ಬಂದರು. ಬಗ್ಗಿ ಷಟರ್ ಕೆಳಗೆ ನೋಡಿದರೆ ಶಿವರುದ್ರಪ್ಪನವರು ಗೋಡೆಗೆ ಒರಗಿ, ಚಕ್ಕಳಮಕ್ಕಳ ಹಾಕಿ, ಹಣೆತುಂಬ ವಿಭೂತಿ, ಕಣ್ಣು ಮುಚ್ಚಿ ಕೂತಿದ್ದಾರೆ. ಅವರ ಮನೆತನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹೀಗೇ ಕೂರಿಸುತ್ತಾರೆ. ಆಂಜಿನಯ್ಯನಿಗೆ ಇನ್ನು ಸಂಶಯವೇ ಉಳಿಯಲಿಲ್ಲ.

"ಅಯ್ಯೋ ಯಜಮಾನ್ರೇ, ಒಂದು ಮಾತು ಹೇಳ್ದೆ ಹೊರಟ್ಬಿಟ್ರಲ್ಲಾ!" ಅಂತ ಗೋಳಾಡುತ್ತ ನುಗ್ಗಿ ಕೊರಳಿಗೆ ಹಾರ ಹಾಕಿದರು.

ನಿದ್ದೆಯಲ್ಲಿದ್ದ ಶಿವರುದ್ರಪ್ಪನವರು ಕಣ್ಣು ಬಿಟ್ಟರು. "ಏನೋ ಆಂಜಿ, ಇವತ್ತೇನು ವಿಶೇಷ?"

ಆಂಜಿನಯ್ಯ ಹಾಕಿದ ಚೀರಾಟಕ್ಕೆ ಅಡುಗೆಮನೆಯ ಜಗಳ ಅಲ್ಲೇ ನಿಂತಿತು. ಸರ್ವಮಂಗಳಾ ಓಡಿ ಬಂದಾಗ ನಾಲ್ಕು ಜನ ಮುದುಕರು ಬೆವರು ಒರೆಸಿಕೊಳ್ಳುತ್ತ ನೆಲದ ಮೇಲೆ ಕೂತಿದ್ದರು, ನಡುವೆ ಮಾವ ಹಾರ ಹಾಕಿಕೊಂಡು. ನಡೆದದ್ದನ್ನು ಕೇಳಿ ಎಲ್ಲರಿಗೂ ನಗು ಬಂತು. ಮಾವನೊಬ್ಬರು ನಗಲಿಲ್ಲ. ಹಾರವನ್ನು ನಿಧಾನವಾಗಿ ತೆಗೆದು ಪಕ್ಕಕ್ಕಿಟ್ಟರು.

"ಆಂಜಿದೇನು ತಪ್ಪು? ಎದುರಿಗೆ ಷಟರ್ ಹಾಕ್ಕೊಂಡು ಕೂತಿದ್ನಲ್ಲ, ಸತ್ತೆ ಅಂತ ನನಗೇ ಅನ್ನಿಸ್ತು ಕಣಮ್ಮ."

ಸರ್ವಮಂಗಳಾ ಆ ಹಾರವನ್ನು ಎತ್ತಿ, ಕಣ್ಣಿಗೆ ಕಾಣದ ಹಾಗೆ ಮೂಲೆಗೆ ಸರಿಸಿದಳು.

"ಬಿಸಿಲಿಗೆ ಬಾಗ್ಲು ಹಾಕ್ಕೊಂಡು ಯಾರಾದ್ರೂ ಅಂಗಡಿ ಮಾಡ್ತಾರಾ?" ಅಂದರು ಮಾವ. "ನೆರಳನ್ನ ಹೊರಗಡೆ ಕಟ್ಬೇಕು. ಕಲಾಸಿಪಾಳ್ಯದಲ್ಲಿ ತರಕಾರಿಯವರೆಲ್ಲ ಯಾರ ಟಾರ್ಪಾಲಿನ್ ಕೆಳಗೆ ಕೂತಿದ್ರು? ಐವತ್ತೆರಡು ವರ್ಷ ಊರಿಗೆಲ್ಲ ನೆರಳು ಮಾರಿದವನು ನಾನು. ನನ್ನ ತಲೆ ಮೇಲಿನ ಬಿಸಿಲಿಗೆ ನೀವು ಊರೆಲ್ಲ ಕೇಳ್ಕೊಂಡ್ ಬಂದ್ರಿ."

"ಹಿತ್ತಲ ಗಿಡ ಮದ್ದಲ್ಲ ಬಿಡಿ ಯಜಮಾನ್ರೇ" ಅಂದರು ಆಂಜಿನಯ್ಯ.

"ಮಾವ, ನೀವಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ?"

"ಗಿರಾಕಿ ಕೇಳ್ದೆ ಸರಕು ಬಿಚ್ಚೋನಲ್ಲಮ್ಮ ನಾನು."

ಹತ್ತೊಂಬತ್ತು ದಿನ ಗಂಡನ ಮೇಲೆ ಕಾರಿದ ಸಿಟ್ಟೆಲ್ಲ ಈಗ ಅವಳಿಗೆ ತನ್ನ ಮೇಲೇ ಬಂತು. ನಿಂತಲ್ಲೇ ನಾಚಿಕೆಯಾಯಿತು. ಅವಳು ಒಳಗೆ ಹೋಗಿ, ಮುಂಬಾಗಿಲಿಂದ ಹೊರಬಂದು, ಸುತ್ತಿಕೊಂಡು ಬೀದಿಗೆ ಇಳಿದಳು. ಅರ್ಧಕ್ಕೆ ನಿಂತಿದ್ದ ಷಟರ್ ಕೆಳಗೆ ಬಗ್ಗಿ ಒಳಗೆ ಬಂದು ಗಾದಿಯ ಎದುರು ಗಿರಾಕಿ ಕೂರುವ ಜಾಗದಲ್ಲಿ ಕೂತಳು.

"ಯಜಮಾನ್ರೇ, ಹತ್ತಡಿ ಬಾಗ್ಲು, ಪಶ್ಚಿಮದ ಬಿಸಿಲು. ಏನು ಹಾಕಿದ್ರೆ ಒಳ್ಳೇದು, ನೀವೇ ಹೇಳಿ."

ಶಿವರುದ್ರಪ್ಪನವರು ಅವಳನ್ನೇ ನೋಡಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಕಣ್ಣನ್ನೂ ಒರೆಸಿಕೊಂಡರು. ಮೂರು ವರ್ಷದಿಂದ ಅದೇ ಬಿಸಿಲಿನಲ್ಲಿ ಕೂತವರು, ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು:

"ಬಿಸಿಲು ಎಷ್ಟೊತ್ತಿಗೆ ಬರತ್ತಮ್ಮ?"