ಎನಿಡ್‌ಳ ಕೋಲಿಗೊಂದು ಹಿತ್ತಾಳೆಯ ಗುಂಡು

ವಿಲ್ಫ್ ಆರ್ಮಿಟೇಜ್ ಯಾವ ವಸ್ತುವನ್ನು ಮುಟ್ಟಿದರೂ ಮೊದಲು ಒಮ್ಮೆ ಅಲುಗಾಡಿಸಿ ನೋಡುತ್ತಿದ್ದ. ಬಾಗಿಲ ಹಿಡಿ, ಚಹಾ ಬಟ್ಟಲಿನ ಕಿವಿ, ಚರ್ಚಿನ ಬೆಂಚು. ಒಂದು ಸಲ ಹೊಸ ಪಾದ್ರಿಯ ಕೈ ಕೂಡ. ಕೂದಲೆಳೆಯಷ್ಟು ಸಡಿಲ ಸಿಕ್ಕರೆ ಮುಖ ಬಾಡುತ್ತಿತ್ತು. ಸಿಗದಿದ್ದರೆ "ಹೂಂ" ಎನ್ನುತ್ತಿದ್ದ. ಅವನ ಮೆಚ್ಚುಗೆಯ ಪರಮಾವಧಿ ಅದೇ.

ಹ್ಯಾಲಿಫ್ಯಾಕ್ಸಿನ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡಿ ನಿವೃತ್ತನಾದವನು ಹಿತ್ತಿಲ ಶೆಡ್ಡಿನಲ್ಲಿ ಲೋಹ ಕಡೆಯುವ, ತನಗಿಂತ ಹಳೆಯ ಪುಟ್ಟ ಲೇತೊಂದನ್ನು ಇಟ್ಟುಕೊಂಡಿದ್ದ. ಮೊಣಕೈ ಸವೆದ ಕಂದು ಕೋಟಿನ ಬಲಜೇಬಿನಲ್ಲಿ ಸದಾ ಒಂದು ಬೇರಿಂಗ್, ಗಾಲಿ ಸಲೀಸಾಗಿ ತಿರುಗಲೆಂದು ಒಳಗೆ ಕೂರಿಸುವ ಉಕ್ಕಿನ ಬಳೆ. ಮಾತಿನ ನಡುವೆ ಅದನ್ನು ಕಿವಿಯ ಬಳಿ ಹಿಡಿದು ತಿರುಗಿಸುವನು. ಒಳಗೆ ಧೂಳಿನ ಕಣ ಕರಕರ ಎಂದರೆ ಅನ್ನದಲ್ಲಿ ಕಲ್ಲು ಸಿಕ್ಕವನಂತೆ ಮುಖ ಕಿವಿಚುವನು.

ಹೆಂಡತಿ ಎನಿಡ್‌ಳ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ, ಊರುಗೋಲಿನ ಕೊಕ್ಕೆ ಹಿಡಿಯಲಾರದೆ ಅವಳು ಹೊರಗೆ ಹೋಗುವುದನ್ನೇ ಬಿಟ್ಟಾಗ, ಅವಳ ಅಂಗೈ ತುಂಬುವ ಹಿತ್ತಾಳೆಯ ಗುಂಡೊಂದನ್ನು ತಾನೇ ಕಡೆದು ಕೋಲಿಗೆ ಕೂಡಿಸುವೆನೆಂದ. ಗುಂಡು ಕಡೆಯಬೇಕಾದರೆ ಉಳಿಯನ್ನು ಕಮಾನಿನಂತೆ ತಿರುಗಿಸುವ ಸಲಕರಣೆ ಬೇಕು. ಅದನ್ನು ಮನೆಯಲ್ಲೇ ಮಾಡಬೇಕು. ಅದು ತಿರುಗುವುದು ಯಾವ ಬೇರಿಂಗಿನ ಮೇಲೆ? ಈ ಒಂದು ಪ್ರಶ್ನೆ ಹನ್ನೊಂದು ತಿಂಗಳು ತಿಂದಿತು.

ನಾವು ಲೇತಿನ ಹುಚ್ಚಿನವರು ಸೇರುತ್ತಿದ್ದ ಮಂಗಳವಾರದ ಕ್ಲಬ್ಬಿನಲ್ಲಿ ಗೆಳೆಯ ಸೆಡ್ರಿಕ್ ಕೆಣಕುತ್ತಿದ್ದ: "ಕೈಲಿ ಮೆಲ್ಲಗೆ ತಿರುಗ್ಸೋದು ತಾನೆ? ಒಂದು ಬೋಲ್ಟು ಸಾಕಯ್ಯಾ. ವಿಮಾನ ಹಾರಿಸ್ತೀಯೇನು?"

"ಓಡೋನ ಕುಂಟು ಕಾಣ್ಸಲ್ಲ ಮಾರಾಯ, ಮೆಲ್ಲಗೆ ನಡೆಯೋನದೇ ಕಾಣ್ಸೋದು."

ಮೊದಲು ಕಂಚಿನ ಬುಶ್, ಎಂದರೆ ಬರಿಯ ಕೊಳವೆಯೊಂದನ್ನು, ಹಾಕಿ ನೋಡಿದ. ಪರೀಕ್ಷೆಗೆ ಕಡೆದ ತುಂಡಿನ ಮೇಲೆ ನಡುಕದ ಗೆರೆಗಳೆದ್ದವು. ಸಾಧಾರಣ ಬಾಲ್ ಬೇರಿಂಗ್ ತಂದ. ಹೊಸದರಲ್ಲೇ ಅದರ ಹೊಟ್ಟೆಯಲ್ಲಿ ಒಂದಿಷ್ಟು ಸಡಿಲವಿರುತ್ತದೆಂದು ಬದಿಗಿಟ್ಟ. ಕೊನೆಗೆ, ಎನಿಡ್ ಓಡಿಸುತ್ತಿದ್ದ ಹಳೆಯ ಕಾರಿನ ಮುಂದಿನ ಚಕ್ರದಿಂದ ಓರೆ ಉರುಳೆಗಳ ಎರಡು ಬೇರಿಂಗ್ ಬಿಚ್ಚಿ, ಒಂದಕ್ಕೊಂದು ಎದುರಾಗಿ ಕೂರಿಸಿ, ಸಡಿಲವೆಲ್ಲ ಹೋಗುವಂತೆ ಒಂದೇ ನಟ್ಟಿನಿಂದ ಎರಡನ್ನೂ ಬಿಗಿದ. ಅಲುಗಾಡಿಸಿದ. "ಹೂಂ."

"ನನ್ನ ಕಾರಿನ ಮೂಳೆನೂ ಬಿಡ್ಲಿಲ್ಲ ನೋಡು ಇವನು," ಎಂದಳು ಎನಿಡ್.

ಆ ವಾರವೇ ಅವನ ಹೃದಯ ನಿಂತಿತು. ಅಂತ್ಯಕ್ರಿಯೆಗೆ ಅವಳು ಕೋಲಿಲ್ಲದೆ, ನನ್ನ ತೋಳು ಹಿಡಿದು ಬಂದಳು.

ಗುಂಡನ್ನಾದರೂ ಕಡೆದು ಕೊಡೋಣವೆಂದು ಅವನ ಟಿಪ್ಪಣಿ ಪುಸ್ತಕ ತೆರೆದೆ. ಬೇರಿಂಗಿನ ಒಳಹೊರ ಅಳತೆ, ಉಳಿಯ ಎತ್ತರ, ಎಲ್ಲವೂ ಮಿಲಿಮೀಟರಿನ ನೂರನೇ ಭಾಗದವರೆಗೆ. ಗುಂಡಿನ ಗಾತ್ರ ಮಾತ್ರ ಯಾವ ಪುಟದಲ್ಲೂ ಇಲ್ಲ.

"ನಿಮ್ಮ ಕೈ ಅಳತೆ ತಗೊಳ್ಳೋದೇ ಮರೆತುಬಿಟ್ಟಿದ್ದಾನೆ," ಎಂದೆ, ತಡವರಿಸುತ್ತ.

ಅವನು ಹೋದ ಮೇಲೆ ಮೊದಲ ಸಲ ಅವಳು ನಕ್ಕಳು. "ಐವತ್ತೊಂದು ವರ್ಷ ಹಿಡ್ಕೊಂಡಿದ್ದ ಕೈ ಕಣಪ್ಪಾ. ಅದನ್ನ ಬರ್ಕೊಳ್ಳೋದೇನಿತ್ತು?"

ನನಗೆ ಮಾತ್ರ ಬರೆದುಕೊಳ್ಳಬೇಕಿತ್ತು. ಕಿಟಕಿಯ ಗಾಜು ಕೂರಿಸಲು ಮೆತ್ತುವ ಪುಟ್ಟಿಯನ್ನು ಉಂಡೆ ಮಾಡಿ ಅವಳ ಅಂಗೈಗೆ ಕೊಟ್ಟೆ. ಹಿಡಿತ ಹಿತವಾಗುವವರೆಗೆ ಕೂಡಿಸಿದೆ, ಕಳೆದೆ, ಅಳತೆ ತೆಗೆದೆ. ಹಿತ್ತಾಳೆಯ ತುಂಡನ್ನು ಅವನ ಲೇತಿಗೆ ಏರಿಸಿ ಸಲಕರಣೆಯ ಹಿಡಿ ತಿರುಗಿಸಿದಾಗ ಉಳಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಒಂದು ಗೆರೆಯೂ ಏಳಲಿಲ್ಲ. ಅರ್ಧ ಗಂಟೆಯ ಕೆಲಸ.

ಕೋಲನ್ನು ಕೊಟ್ಟಾಗ ಎನಿಡ್ ಅದನ್ನು ಕೂಡಲೇ ನೆಲಕ್ಕೆ ಊರಲಿಲ್ಲ. ಮೊದಲು ಗುಂಡನ್ನು ಹಿಡಿದು ಅಲುಗಾಡಿಸಿದಳು. "ಹೂಂ," ಎಂದಳು. ಆಮೇಲೆ ಬೀದಿಯ ತುದಿಯ ಬ್ರೆಡ್ಡಿನಂಗಡಿಯವರೆಗೆ ಒಬ್ಬಳೇ ಹೋಗಿಬಂದಳು.

ಒಂದು ಉಪಕಾರಕ್ಕೆ ಸಲಕರಣೆಯನ್ನೂ ಸಲಕರಣೆಗೆ ಬೇರಿಂಗನ್ನೂ ಹುಡುಕುತ್ತ ಆಯುಷ್ಯ ಕಳೆಯುವ ಇಂಥವರನ್ನು ಕಂಡು ನಾವು ನಗುತ್ತೇವೆ. ಅವರು ಹೋದ ಮೇಲೆ, ಅವರ ಕೆಲಸ ಮುಗಿಸಲು ಕೈಹಾಕಿದಾಗ ಗೊತ್ತಾಗುತ್ತದೆ: ನಮಗೆ ಅವರು ಬಿಟ್ಟುಹೋದದ್ದು ಸುಲಭದ ಪಾಲನ್ನು ಮಾತ್ರ.