ಹೆಸರಿಟ್ಟ ರೊಕ್ಕ

ಮಸೂತಿ ಎಂಬ ಹಳ್ಳಿಯ ಸಾಲಿಗೆ ನಾನು ಶಿಕ್ಷಕಿಯಾಗಿ ಬಂದು ಆಗ ಮೂರು ವರ್ಷವಾಗಿತ್ತು. ಪಗಾರ ಕೈಗೆ ನಲವತ್ತೆಂಟು ಸಾವಿರ ಬರುತ್ತಿತ್ತು. ಬಸವನ ಬಾಗೇವಾಡಿಯಲ್ಲಿ ರೂಮಿನ ಬಾಡಿಗೆ, ಸ್ಕೂಟಿಯ ಕಂತು, ಮೊಬೈಲಿನ ಕಂತು, ಸಿಂದಗಿಯಲ್ಲಿರುವ ಅವ್ವನಿಗೆ ಎಂಟು ಸಾವಿರ. ಇಷ್ಟು ಹೋದರೂ ಅರ್ಧದಷ್ಟು ಉಳಿಯಬೇಕು. ಆದರೆ ಇಪ್ಪತ್ತನೇ ತಾರೀಖು ದಾಟಿದರೆ ನನ್ನ ಖಾತೆಯಲ್ಲಿ ಮುನ್ನೂರೋ ನಾನೂರೋ ಇರುತ್ತಿತ್ತು. ಎಲ್ಲಿ ಹೋಯಿತೆಂದು ನನಗೇ ಗೊತ್ತಿರುತ್ತಿರಲಿಲ್ಲ.

ಆ ಫೆಬ್ರುವರಿಯಲ್ಲಿ ಅಣ್ಣನ ಮಗನ ಜವಳ, ಮೊದಲ ಕೂದಲು ತೆಗೆಸುವ ಕಾರ್ಯ, ಬಂತು. ಬರಿಗೈಲಿ ಹೋಗುವಂತಿಲ್ಲ. ಜೊತೆಯ ಶಿಕ್ಷಕರನ್ನೆಲ್ಲ ಒಂದೊಂದು ಸಲ ಕೇಳಿಯಾಗಿತ್ತು. ಕೊನೆಗೆ, ನಾಚಿಕೆ ಬಿಟ್ಟು, ಬಿಸಿಯೂಟ ಮಾಡುವ ಬಿಬಿಜಾನವ್ವನ ಹತ್ತಿರ ಹೋದೆ. ಮಕ್ಕಳ ಊಟ ಮುಗಿದು ಅವರು ದೊಡ್ಡ ಪಾತೇಲಿ ತಿಕ್ಕುತ್ತಿದ್ದರು.

"ಬಿಬಿಜಾನವ್ವ, ಎರಡು ಸಾವಿರ ಇದ್ರ ಕೊಡ್ತೀರೇನ್ರಿ? ಒಂದನೇ ತಾರೀಖಿಗೆ ವಾಪಸ್ ಕೊಡ್ತೇನಿ."

"ಐತ್ರಿ ಅಕ್ಕೋರ. ಆದ್ರ ಕೊಡಾಕ ಬರೂದಿಲ್ಲ."

ನಾನು ಹೊರಡಲು ತಿರುಗಿದೆ. ಅವರು ಕೈ ತೊಳೆದುಕೊಂಡು ಎದ್ದು ನಿಂತರು.

"ಸಿಟ್ಟಾಗಬ್ಯಾಡ್ರಿ. ನನ್ನ ಕಡೆ ಇರೂ ರೊಕ್ಕಕ್ಕೆಲ್ಲಾ ಒಂದೊಂದು ಹೆಸರು ಇಟ್ಟೇನಿ. ಆ ಎರಡು ಸಾವಿರ ಮೇ ತಿಂಗಳಿನ ಜ್ವಾಳ. ಈಗ ತಗದ್ರ ಆಗ ನಾವು ಏನ ತಿನ್ನೂದು?"

ಬ್ಯಾಸಗಿ ರಜೆಯಲ್ಲಿ ಬಿಸಿಯೂಟ ಇರುವುದಿಲ್ಲ, ಅಡುಗೆಯವರಿಗೆ ಗೌರವಧನವೂ ಬರುವುದಿಲ್ಲ. ಅದು ನನಗೆ ಗೊತ್ತಿತ್ತು. ಮೂರು ವರ್ಷ ಅವರ ಕೈಯ ಅನ್ನ ಉಂಡಿದ್ದೆ. ಆ ಎರಡು ತಿಂಗಳು ಇವರು ಹೇಗೆ ಇರುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳಿದೆ.

ಅವರು ಮತ್ತೆ ಪಾತೇಲಿ ತಿಕ್ಕುತ್ತಲೇ ಬರುವ ಹನ್ನೆರಡು ತಿಂಗಳನ್ನು ಒಂದೊಂದಾಗಿ ಹೇಳತೊಡಗಿದರು. ಅವರಿಗೆ ಓದು ಬರಹ ಇಲ್ಲ. ಸಂಜೆ ಮನೆಯಲ್ಲಿ ರೊಟ್ಟಿ ಬಡಿದು ಮಾರುತ್ತಾರೆ. ಮದುವೆಗಳ ಹಂಗಾಮಿನಲ್ಲಿ ರೊಟ್ಟಿಗೆ ಕೈ ಸಾಲುವುದಿಲ್ಲ, ಆಷಾಢದಲ್ಲಿ ಕೇಳುವವರಿಲ್ಲ. ಅದಕ್ಕೇ ಮದುವೆ ರೊಟ್ಟಿಯ ಗಳಿಕೆಯಲ್ಲಿ ಅರ್ಧ ಆಷಾಢಕ್ಕೆ. ಜೂನಿನಲ್ಲಿ ಸಣ್ಣ ಮಗಳ ಪುಸ್ತಕ, ಬಸ್ ಪಾಸು. ಆಗಸ್ಟಿನಲ್ಲಿ ಗಂಡ ಅಯೂಬ ಅವರ ಲೈಸೆನ್ಸು ಹೊಸದು ಮಾಡಿಸುವುದು; ಅವರು ಬೇರೆಯವರ ಟೆಂಪೋ ಓಡಿಸುತ್ತಾರೆ. ಹನ್ನೆರಡು ತಿಂಗಳು ಮುಗಿದರೂ ಬಿಬಿಜಾನವ್ವ ನಿಲ್ಲಲಿಲ್ಲ. ಮುಂದಿನ ವರ್ಷ ಹಿರಿಯ ಮಗಳ ಕಾಲೇಜು ಫೀ, ಅದರ ಮುಂದಿನ ವರ್ಷ ಮತ್ತೇನೋ. ನಾನು ಬಾಗಿಲ ಹತ್ತಿರ ಅಕ್ಕಿ ಚೀಲದ ಮೇಲೆ ಕೂತುಬಿಟ್ಟಿದ್ದೆ. ಒಬ್ಬ ಮನುಷ್ಯ ಇನ್ನೂ ಬಾರದ ದಿನಗಳನ್ನು ಅಷ್ಟು ಸ್ಪಷ್ಟವಾಗಿ ಕಾಣಬಹುದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.

"ನಿಮ್ಮದು ಹೇಳ್ರಿ ಅಕ್ಕೋರ. ಬರೂ ತಿಂಗಳ ಏನೇನ ಐತಿ?"

"ಬಾಡಿಗಿ, ಕಂತು..."

"ಅದು ದರ ತಿಂಗಳಿಂದು. ನಾ ಬರೂ ತಿಂಗಳಿಂದು ಕೇಳಾಕತ್ತೇನಿ."

ನಾನು ಚೀಲದ ಮೇಲಿಂದ ಎದ್ದು ತರಗತಿಗೆ ಹೊರಟೆ.

ಜವಳಕ್ಕೆ ಹೋದೆ, ಬರಿಗೈಲೇ ಹೋದೆ. ಯಾರೂ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ರೂಮಿನಲ್ಲಿ ಕೂತು ಹಾಳೆಯ ಮೇಲೆ ಹನ್ನೆರಡು ತಿಂಗಳ ಹೆಸರು ಬರೆದು, ಹಿಂದಿನ ವರ್ಷ ಏನೇನಕ್ಕೆ ಕೈಸಾಲ ಮಾಡಿದ್ದೆನೆಂದು ನೆನಪಿಸಿಕೊಂಡೆ. ಸ್ಕೂಟಿಯ ವಿಮೆ, ಪಂಚಮಿಗೆ ಸಿಂದಗಿಗೆ ಹೋಗುವ ಖರ್ಚು, ದೀಪಾವಳಿ ಸೀರೆಗಳು, ಬಂಧುಗಳ ಮದುವೆಗೆ ಕೊಡುವ ಆಯೇರಿ. ಒಂದೂ ಆಕಸ್ಮಿಕವಲ್ಲ. ಎಲ್ಲವೂ ಪ್ರತಿ ವರ್ಷ ಹೇಳಿ ಕೇಳಿಯೇ ಬರುತ್ತಿದ್ದವು. ನಾನೇ ಪ್ರತಿ ಸಲ ಗಾಬರಿಯಾಗುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ಎಲ್ಲಕ್ಕೂ ಹೆಸರಿಟ್ಟೆ. ಹದಿನೆಂಟನೇ ತಾರೀಖಿಗೇ ಕೈ ಖಾಲಿಯಾಯಿತು. ಬಿಬಿಜಾನವ್ವನಿಗೆ ಹೇಳಿದಾಗ ಅವರು ನಗಲಿಲ್ಲ.

"ನಂದೂ ಮೊದಲ ಹಂಗ ಆಗಿತ್ರಿ. ಉಳಿದ ಮ್ಯಾಲ ಇಡ್ತೇನಿ ಅಂದ್ರ ಉಳಿಯೂದಿಲ್ಲ. ಪಗಾರ ಬಂದ ದಿನಾನ ತಗದ ಇಡ್ರಿ."

ಏಪ್ರಿಲ್ ಮೊದಲ ವಾರ ಅಂಚೆ ಕಚೇರಿಗೆ ಹೋಗಿ ತಿಂಗಳಿಗೆ ಮೂರು ಸಾವಿರ ಕಟ್ಟುವ ಆರ್.ಡಿ. ಖಾತೆ ತೆರೆದೆ.

ಮೇ ತಿಂಗಳಲ್ಲಿ, ರಜೆಯ ನಡುವೆ, ಬಿಬಿಜಾನವ್ವನ ಫೋನ್ ಬಂತು. "ಅಕ್ಕೋರ, ಬುಧವಾರ ಬಾಗೇವಾಡಿ ನೋಂದಣಿ ಕಚೇರಿಗೆ ಬರ್ತೀರೇನ್ರಿ? ಒಂದು ಸಾಕ್ಷಿ ಸಹಿ ಬೇಕಾಗೈತಿ."

ಯಾರದೋ ಸಂಬಂಧಿಕರ ಕೆಲಸವಿರಬೇಕು ಎಂದುಕೊಂಡು ಹೋದೆ. ಕಚೇರಿಯಲ್ಲಿ ಗುಮಾಸ್ತರು ಕಾಗದ ನೋಡುತ್ತ ಅಯೂಬ ಅವರನ್ನು ಕೇಳಿದರು, "ಜಾಗಾ ತಗೊಳ್ಳಾವ್ರು ನೀವೇನು?"

ಅಯೂಬ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದರು. ಹೆಂಡತಿಯ ಕಡೆ ತೋರಿಸಿದರು. "ನಾ ಅಲ್ರಿ. ಇಕಿ."

ಮಸೂತಿಯ ಅಂಚಿಗೆ ಮೂವತ್ತು-ನಲವತ್ತರ ನಿವೇಶನ. ಒಂದು ಲಕ್ಷದ ಎಪ್ಪತ್ತೈದು ಸಾವಿರ. ಬಿಬಿಜಾನವ್ವ ಅಂಚೆ ಕಚೇರಿಯಲ್ಲಿ ತಿಂಗಳಿಗೆ ಸಾವಿರದಂತೆ ಹತ್ತು ವರ್ಷ ಕಟ್ಟಿದ್ದರು. ಮೊದಲ ಐದು ವರ್ಷ ತುಂಬಿ ಬಂದ ಗಂಟನ್ನು ಮುಟ್ಟದೆ ಅಲ್ಲೇ ಮತ್ತೆ ಇಟ್ಟಿದ್ದರು.

"ತಿಂಗಳಾ ಸಾವಿರ ಹೋಗ್ತೈತಿ ಅಂತ ಗೊತ್ತಿತ್ರಿ," ಅಯೂಬ ನನಗೆ ಮೆಲ್ಲಗೆ ಹೇಳಿದರು. "ಅದು ಇಲ್ಲಿ ಬಂದು ಮುಟ್ಟತೈತಿ ಅಂತ ಗೊತ್ತಿರಲಿಲ್ಲ." ಇಪ್ಪತ್ತೆರಡು ವರ್ಷ ಬಾಳಿದ ಹೆಂಡತಿಯನ್ನು ಅವರು ಅಂದೇ ಮೊದಲು ಕಂಡವರಂತೆ ನೋಡುತ್ತಿದ್ದರು.

ಫೋಟೋ ತೆಗೆಯುವಾಗ ಬಿಬಿಜಾನವ್ವ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಸಹಿಗೆ ಹೆಬ್ಬೆಟ್ಟು ಸಾಕೆಂದರೂ ಕೇಳಲಿಲ್ಲ. ಮಗಳು ಕಲಿಸಿದಂತೆ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು. ಹಿಂದೆ ಸಾಲಿನಲ್ಲಿ ನಿಂತವರು ಕಾದರು. ಅದರ ಕೆಳಗೆ ನಾನು ಸಾಕ್ಷಿಯ ಸಹಿ ಹಾಕಿದೆ. ಅಷ್ಟು ದೊಡ್ಡ ಕಾಗದಕ್ಕೆ ನಾನು ಎಂದೂ ಸಹಿ ಹಾಕಿರಲಿಲ್ಲ.

ಅಲ್ಲಿಂದ ಮೂವರೂ ಜಾಗ ನೋಡಲು ಹೋದೆವು. ಕಪ್ಪು ಎರಿ ಮಣ್ಣು ಬಿರುಕು ಬಿಟ್ಟಿತ್ತು. ಬಿಬಿಜಾನವ್ವ ಚಪ್ಪಲಿ ಕಳಚಿ ಒಂದು ಗುರುತುಗಲ್ಲಿನಿಂದ ಇನ್ನೊಂದಕ್ಕೆ ನಡೆದರು, ಸಾವಕಾಶ, ನಾಲ್ಕೂ ದಿಕ್ಕಿಗೆ.

"ಮನಿ ಯಾವಾಗ ಕಟ್ಟಸ್ತೀರ್ರಿ?" ಎಂದೆ.

"ಇನ್ನ ನಾಕ ವರ್ಷ ಐತ್ರಿ," ಎಂದರು, ನಾಳೆ ಸಂತೆ ಐತಿ ಎಂದಷ್ಟೇ ಸಹಜವಾಗಿ.

ಈಗ ಎರಡು ವರ್ಷವಾಗಿದೆ. ನನ್ನ ಎರಡೂ ಕಂತು ಮುಗಿದಿವೆ, ಮತ್ತೆ ಕೈಸಾಲ ಕೇಳಿದ್ದು ನೆನಪಿಲ್ಲ. ಸಾಲಿಗೆ ಹೋಗುವ ದಾರಿ ಆ ಜಾಗದ ಪಕ್ಕದಲ್ಲೇ ಹಾಯುತ್ತದೆ. ಆರು ತಿಂಗಳಿಗೊಮ್ಮೆ ಅಲ್ಲಿ ಒಂದು ಟ್ರ್ಯಾಕ್ಟರ್ ಕಲ್ಲು ಬಂದು ಬೀಳುತ್ತದೆ. ಮೊನ್ನೆ ನಾಲ್ಕನೆಯದು ಬಂತು. ಸ್ಕೂಟಿ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ, ಸಾಲಿಯ ಪ್ರಾರ್ಥನೆಯ ಗಂಟೆ ಕೇಳಿದ ಮೇಲೆ ಹೊರಟೆ.